ಮೂರು ಸಲ ಬೇಡ

ವಾಲ್‌ಸೆರಾ
ಸಂತ ಮಾರ್ಟಿನರ ಹಬ್ಬ ಕಳೆದು ಮೂರನೆಯ ದಿನ, ೧೧೪೩

ಸಂತ ಆಗಾತಾ ಕನ್ಯಾಮಠದ ಮಾತೆ ಇಮಿಲ್ದಾ ಅವರಿಗೆ, ಅಂದರೆ ನನ್ನ ಅಕ್ಕನಿಗೆ,

ಪ್ರಭುವಿನ ಶಾಂತಿ ನಿನ್ನ ಮೇಲಿರಲಿ. ನನ್ನ ಮೇಲೆ ಅದು ಮೊನ್ನೆಯಿಂದ ಇಲ್ಲ.

ನಮ್ಮ ಹಳೆಯ ಧರ್ಮಾಧ್ಯಕ್ಷರು ತೀರಿಕೊಂಡ ಸುದ್ದಿ ನಿಮ್ಮ ಬೆಟ್ಟಕ್ಕೂ ಮುಟ್ಟಿರಬೇಕು. ಅವರನ್ನು ಮಣ್ಣು ಮಾಡಿದ ಕೈ ತೊಳೆಯುವ ಮೊದಲೇ ಪ್ರಧಾನ ದೇವಾಲಯದ ನಾವು ಹದಿನಾಲ್ಕು ಪಾದ್ರಿಗಳು ಹೊಸಬರನ್ನು ಆರಿಸಲು ಕೂತೆವು. ಏಳು ಜನ, ಹಿರಿಯ ಪಾದ್ರಿ ತೆಬಾಲ್ದೊ ಆಗಲಿ ಅಂದರು. ಉಳಿದ ಏಳು ಜನ, ತೆಬಾಲ್ದೊ ಬಿಟ್ಟು ಯಾರಾದರೂ ಆಗಲಿ ಅಂದರು. ನಾನು ಎರಡನೆಯ ಏಳರಲ್ಲಿದ್ದೆ. ಆದರೆ ಆ ‘ಯಾರಾದರೂ’ ನಾನೇ ಆಗಬಹುದೆಂದು ನನಗೆ ಹೊಳೆದಿರಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ, ಅಡುಗೆಮನೆ ನೋಡಿಕೊಳ್ಳುವ ಪಾದ್ರಿ ಓತ್ತೊ ಎದ್ದು ನಿಂತ. “ಮೀನು ಆರ್ತಾ ಇದೆ. ಗಾಂದೋಲ್ಫೊನೇ ಆಗ್ಲಿ ಬಿಡ್ರಪ್ಪಾ. ಅವನ ಮೇಲೆ ಯಾರಿಗೂ ಸಿಟ್ಟಿಲ್ಲ.” ಹದಿಮೂರು ಜನ ಒಟ್ಟಿಗೆ ಎದ್ದು, ಇದು ಪವಿತ್ರಾತ್ಮನ ಪ್ರೇರಣೆ ಅಂದರು. ಸಿಟ್ಟಿಲ್ಲದಿರುವುದೂ ಒಂದು ಅರ್ಹತೆಯೆಂದು ಗೊತ್ತಿದ್ದರೆ, ಕಳೆದ ಇಪ್ಪತ್ತು ವರ್ಷಗಳಲ್ಲಿ ಒಬ್ಬೊಬ್ಬರಿಗೂ ಏನಾದರೊಂದು ಮಾಡಿಡುತ್ತಿದ್ದೆ.

ನಾನು ಬೇಡ ಅಂದೆ. ಎಲ್ಲರ ಮುಖ ಅರಳಿತು.

ನಿನಗೆ ಗೊತ್ತಿರುವುದೇ. ಆರಿಸಿದವನು ಮೂರು ಸಲ ಬೇಡ ಎನ್ನಬೇಕು, ಆಮೇಲೆ ಒಪ್ಪಬೇಕು. ಕೇಳಿದ ಕೂಡಲೇ ಒಪ್ಪಿದವನು ಅಧಿಕಾರಕ್ಕೆ ಬಾಯಿಬಿಡುವವನು. ಪದ್ಧತಿ ಒಳ್ಳೆಯದೇ, ನಾನೇನೂ ಆಕ್ಷೇಪಿಸುವುದಿಲ್ಲ. ಆದರೆ ನಿಜವಾಗಿಯೂ ಬೇಡವಾದವನು ಏನು ಹೇಳಬೇಕೆಂದು ಯಾವ ಪುಣ್ಯಾತ್ಮನೂ ಬರೆದಿಟ್ಟಿಲ್ಲ.

ಓಡಿಹೋಗಿ ನನ್ನ ಮೀನಿನ ಕೊಳದ ದಂಡೆಯ ಗುಡಿಸಲಿನಲ್ಲಿ, ಬಲೆಗಳ ಕೆಳಗೆ ಅಡಗಿಕೊಂಡೆ. ಧೂಪ, ದೀಪ, ಶಿಲುಬೆ ಹಿಡಿದು ಅಲ್ಲಿಗೇ ಮೆರವಣಿಗೆ ಬಂತು. ಬಲೆ ಎತ್ತಿ, “ನೋಡ್ರಪ್ಪಾ, ಸಂತ ಪೇತ್ರನೂ ಮೀನುಗಾರನೇ” ಅಂದರು. ಪೇತ್ರ ಮೀನು ಹಿಡಿಯುತ್ತಿದ್ದ, ನಾನು ಸಾಕುವವನು, ಎರಡೂ ಬೇರೆ ಬೇರೆ ಕಸುಬು, ನನಗೆ ಬೇಡ ಅಂದೆ. ಅದನ್ನು ಒಬ್ಬ ಬರೆದುಕೊಂಡ.

ಹೊತ್ತುಕೊಂಡು ಹೋದರು. ದೇವಾಲಯದ ಕಂಬ ತಬ್ಬಿಕೊಂಡು ನಿಂತೆ. ಓತ್ತೊ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: “ಇನ್ನೊಂದ್ಸಲ ಅನ್ನಿ ಸ್ವಾಮಿ. ಎರಡೇ ಆಗಿರೋದು.” ಆಗ ನನಗೊಂದು ಉಪಾಯ ಹೊಳೆಯಿತು. ಮೂರನೆಯ ಬೇಡ ಹೇಳದೇ ಹೋದರೆ ಶಾಸ್ತ್ರ ಪೂರ್ತಿಯಾಗುವುದಿಲ್ಲವಲ್ಲ. ಒಂದು ದೊಡ್ಡ ಕೀರ್ತನೆ ಮುಗಿಯುವಷ್ಟು ಹೊತ್ತು ತುಟಿ ಕಚ್ಚಿಕೊಂಡು ನಿಂತೆ. ಅಷ್ಟರಲ್ಲಿ ತೆಬಾಲ್ದೊ ನನ್ನ ಕಾಲು ತುಳಿದ. ಹೊಟ್ಟೆಕಿಚ್ಚಿಗೋ ಆಕಸ್ಮಿಕವಾಗಿಯೋ, ಈಗಲೂ ತಿಳಿಯದು. “ಅಯ್ಯೋ ಬೇಡಯ್ಯಾ” ಅಂದೆ. ಗಂಟೆ ಬಾರಿಸಿಬಿಟ್ಟರು.

ಈಸ್ಟರ್ ಕಳೆದ ಮೇಲೆ ನಿಮ್ಮ ಮಠಕ್ಕೆ ಬಂದು ಕೊಳ ತೋಡಿಸಿ, ಅಲ್ಲೇ ಪೂಜೆ ಮಾಡಿಕೊಂಡು ಉಳಿಯುತ್ತೇನೆಂದು ನಿನಗೆ ಮಾತು ಕೊಟ್ಟವನು ನಾನು. ನನಗೆ ಬೇಕಾದದ್ದು ಅಷ್ಟೇ. ಮಹಾಧರ್ಮಾಧ್ಯಕ್ಷರು ಒಪ್ಪಿಗೆ ಕೊಟ್ಟರೆ ಮುಗಿಯಿತು. ನೀನು ಅವರಿಗೆ ಒಂದು ಪತ್ರ ಬರೆ: ನನ್ನ ತಮ್ಮ ಬೇಡ ಅಂದರೆ ಬೇಡ ಅಂತಲೇ ಅರ್ಥ, ಅಂತ. ನನ್ನ ಮಾತನ್ನು ಇಲ್ಲಿ ಯಾರೂ ನಂಬುತ್ತಿಲ್ಲ. ನಿನ್ನದನ್ನು ನಂಬದಿರುವ ಧೈರ್ಯ ಯಾರಿಗಿದೆ?

ಕಾಲು ಊದಿಸಿಕೊಂಡು ಕೂತಿರುವ,
ನಿನ್ನ ತಮ್ಮ ಗಾಂದೋಲ್ಫೊ


ಸಂತ ಆಗಾತಾ ಮಠ
ಸಂತ ಲೂಚಿಯಾಳ ಹಬ್ಬದ ದಿನ, ೧೧೪೩

ತಮ್ಮಾ,

ಇನ್ನು ಮೇಲೆ ನಿನ್ನನ್ನು ನೀನು ಅನ್ನಬೇಕೋ ತಾವು ಅನ್ನಬೇಕೋ ಎಂದು ನಮ್ಮ ಅಡುಗೆಯ ಸಿಸ್ಟರ್ ಗೀಸ್ಲಾಳನ್ನು ಕೇಳಿದೆ. “ಮೂಗು ಒರೆಸಿದೋರು ನೀನು ಅನ್ಬಹುದು, ಮಾತೆ. ನಾವೆಲ್ಲ ತಾವು ಅಂತೀವಿ” ಅಂದಳು. ಒರೆಸಿದ್ದೇನೆ. ಆದ್ದರಿಂದ ನೀನು.

ನಿನ್ನ ಬೇಡದ ಸಮಾಚಾರ ಓದಿದೆ. ಆ ಬೇಡವನ್ನು ನಾನು ನಿನ್ನ ನಾಲ್ಕನೆಯ ವಯಸ್ಸಿನಿಂದ ಬಲ್ಲೆ. ಅಮ್ಮ ಹಾವುಮೀನಿನ ಕಡುಬು ಬೇಯಿಸಿ ತಂದರೆ ನೀನು ಬೇಡ ಅನ್ನುತ್ತಿದ್ದೆ. ಇನ್ನೊಮ್ಮೆ ಕೇಳಿದರೆ ಬೇಡ. ಮೂರನೆಯ ಸಲ ಅವಳು ಕೇಳುತ್ತಲೂ ಇರಲಿಲ್ಲ, ತಟ್ಟೆಗೆ ಹಾಕಿಬಿಡುತ್ತಿದ್ದಳು. ನೀನು ಅಂಚಿನ ಗಟ್ಟಿ ಹಿಟ್ಟನ್ನೂ ಬಿಡದೆ ತಿಂದು ಏಳುತ್ತಿದ್ದೆ. ಅಮ್ಮ ಬಾಣಂತಿಯಾಗಿದ್ದ ವರ್ಷ ಚಿಕ್ಕಮ್ಮ ರೊಲಾಂದಾ ಬಂದಿದ್ದಳಲ್ಲ, ಅವಳು ಒಂದೇ ಸಲ ಕೇಳಿದಳು. ಬೇಡ ಅಂದೆ. ಮುಂದಿನವರಿಗೆ ಬಡಿಸಿದಳು. ಆ ದಿನ ನೀನು ಹುಲ್ಲಿನ ಅಟ್ಟ ಹತ್ತಿ ಹೊಟ್ಟೆ ಹಿಡಿದುಕೊಂಡು ಅತ್ತಿದ್ದನ್ನು ನಾನು ಮರೆತಿಲ್ಲ.

ಹಾಗಾಗಿ ಇದು ಯಾವ ಬೇಡ ಎಂದು ನನಗೆ ತಕ್ಷಣ ತಿಳಿಯಲಿಲ್ಲ. ಎರಡು ದಿನ ಯೋಚಿಸಿದೆ. ಆಮೇಲೆ ಮಹಾಧರ್ಮಾಧ್ಯಕ್ಷರಿಗೆ ಬರೆದೆ. ಏನು ಬರೆದೆ ಅನ್ನುವುದು ಇರಲಿ. ಅವರ ಉತ್ತರ ನಿನ್ನೆ ಬಂತು: ಒಡಹುಟ್ಟಿದವಳೇ ಸಾಕ್ಷಿ ಹೇಳುವಷ್ಟು ವಿನಯ ಈ ಕಾಲದಲ್ಲಿ ಕಂಡದ್ದಿಲ್ಲವಂತೆ, ಓದಿ ಅವರ ಕಣ್ಣು ಒದ್ದೆಯಾಯಿತಂತೆ, ಕ್ರಿಸ್ಮಸ್ಸಿಗೆ ಮೊದಲೇ ನಿನಗೆ ಅಭಿಷೇಕವಂತೆ.

ಹನ್ನೊಂದು ಜನ ಕನ್ಯಾಸ್ತ್ರೀಯರು ಮಾಂಸ ಮುಟ್ಟದ ತಪಸ್ಸುಕಾಲದ ನಲವತ್ತು ದಿನವನ್ನು ಈ ವರ್ಷವೂ ಉಪ್ಪಿನ ಒಣಮೀನಿನಲ್ಲೇ ಕಳೆಯಲಿದ್ದಾರೆ. ಅದರಲ್ಲಿ ಹಲ್ಲಿರುವವರು ಆರು ಜನ. ಕೊಳದ ಜಾಗಕ್ಕೆ ಗೂಟ ಹೊಡೆದಿಟ್ಟಿದ್ದೇನೆ. ಗೂಟ ಕೀಳಲೋ ಬೇಡವೋ, ತಿಳಿಸು.

ನಿನ್ನ ಅಕ್ಕ,
ಇಮಿಲ್ದಾ


ವಾಲ್‌ಸೆರಾ
ಈಸ್ಟರ್ ನಂತರದ ಎರಡನೆಯ ಸೋಮವಾರ, ೧೧೪೪

ಅಕ್ಕಾ,

ಗೂಟ ಕೀಳಬೇಡ. ನಾನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೇನೆ.

ಅಭಿಷೇಕದ ತೈಲ ಕಣ್ಣಿಗಿಳಿದು ಉರಿಯಿತು. ನೀರು ಸುರಿಯಿತು. ಜನ ಅದನ್ನು ನೋಡಿ ತಾವೂ ಅತ್ತರು. ಈಗ ನಾನು ಏನು ಮಾಡಿದರೂ ಹೀಗೇ ಆಗುತ್ತಿದೆ. ಕೆಟ್ಟ ಧರ್ಮಾಧ್ಯಕ್ಷನಾದರೆ ಕಿತ್ತುಹಾಕುತ್ತಾರಲ್ಲ ಎಂದು, ಮೊದಲ ಪ್ರವಾಸದಲ್ಲೇ ಶುರುಮಾಡಿದೆ. ಗುಡ್ಡದ ಆಚೆಗೊಂದು ಈಚೆಗೊಂದು ಊರು. ಎರಡೂ ಊರಿನ ಗುಡಿಯಲ್ಲಿ ಒಬ್ಬನೇ ಸಂತನ ಬಲಗೈ ತೋರುಬೆರಳಿನ ಮೂಳೆಯನ್ನು ಪೂಜೆಗಿಟ್ಟಿದ್ದಾರೆ. ಎಂಬತ್ತು ವರ್ಷದ ಜಗಳ. ಈ ಹಿಂದಿನ ಮೂವರು ಧರ್ಮಾಧ್ಯಕ್ಷರು ಮೂರು ತೀರ್ಪು ಕೊಟ್ಟು, ಮೂರು ಸಲ ತಲೆಗಳು ಒಡೆದಿವೆ. ನನ್ನ ಮುಂದೆ ಎರಡೂ ಬೆರಳಿಟ್ಟು, ಯಾವುದು ನಿಜ ಹೇಳಿ ಸ್ವಾಮಿ ಅಂದರು. ಚೆನ್ನಾಗಿ ನೋಡಿ, ನನಗೆ ಗೊತ್ತಿಲ್ಲ ಅಂದೆ. ಇಷ್ಟು ಸಾಕು, ಈಗ ದೂರು ಹೋಗುತ್ತದೆ ಎಂದುಕೊಂಡೆ. ಎರಡೂ ಊರಿನವರು ಬೆರಳುಗಳ ಮೇಲೆ ಬಗ್ಗಿ ನೋಡಿದರು. ಆಮೇಲೆ ಒಬ್ಬ ಮುದುಕ, “ನಮಗೂ ಗೊತ್ತಿಲ್ಲ ಸ್ವಾಮಿ” ಅಂದ. ಆಚೆ ಊರಿನವನೊಬ್ಬ, “ನಮಗೆ ಮಾತ್ರ ಎಲ್ಲಿ ಗೊತ್ತು” ಅಂದ. ಎರಡೂ ಊರು ಸೇರಿ ಹಬ್ಬ ಮಾಡಿದವು. ನನ್ನ ಜ್ಞಾನದ ಸುದ್ದಿ ಮೂರು ಕಣಿವೆ ದಾಟಿದೆಯಂತೆ.

ಆದ್ದರಿಂದ ರೋಮಿಗೇ ಬರೆದಿದ್ದೇನೆ. ಈ ಪದವಿ ನನಗೆ ಬೇಡ, ದಯವಿಟ್ಟು ಬಿಡಿಸಿ, ನನ್ನ ಮೀನುಗಳ ಹತ್ತಿರ ಕಳಿಸಿ, ಎಂದು. ನೇರವಾಗಿ, ಒಂದೇ ಒಂದು ಅಲಂಕಾರವಿಲ್ಲದೆ. ಅಲ್ಲಿರುವವರು ಓದು ಬಲ್ಲವರು, ಅರ್ಥಮಾಡಿಕೊಳ್ಳುತ್ತಾರೆ.

ಮೊನ್ನೆ ಕೊಳದ ಹತ್ತಿರ ಹೋಗಿದ್ದೆ. ಪೂಜೆ ಮುಗಿಸಿ ನೇರ ಹೋದದ್ದರಿಂದ ಕಿರೀಟ ತಲೆಯ ಮೇಲೇ ಇತ್ತು. ಅದು ಓರೆಯಾಗಿದೆಯೇ ಎಂದು ನೀರಿನಲ್ಲಿ ನೋಡಿಕೊಂಡೆ. ಕೆಸರುಮೀನುಗಳು ಹೆದರಿ ತಳಕ್ಕೆ ಹೋದವು. ಮೊದಲೆಲ್ಲ ನನ್ನ ನೆರಳು ಕಂಡರೆ ಮೇಲೆ ಬರುತ್ತಿದ್ದವು. ಮನಸ್ಸಿಗೆ ಬೇಜಾರಾಯಿತು.

ಬೇಗ ಬರುವ,
ತಮ್ಮ ಗಾಂದೋಲ್ಫೊ


ಸಂತ ಆಗಾತಾ ಮಠ
ಸಂತ ಯೊವಾನ್ನರ ಹಬ್ಬದ ಹಿಂದಿನ ದಿನ, ೧೧೪೪

ತಮ್ಮಾ,

ಎಷ್ಟು ಹೊತ್ತು ನೋಡಿಕೊಂಡೆ?

ಅಕ್ಕ


ವಾಲ್‌ಸೆರಾ, ಧರ್ಮಾಧ್ಯಕ್ಷರ ನಿವಾಸ
ಸಂತ ಮಾರ್ಟಿನರ ಹಬ್ಬ, ೧೧೫೦

ಕ್ರಿಸ್ತನಲ್ಲಿ ಪ್ರಿಯಳಾದ ಸಹೋದರಿ ಇಮಿಲ್ದಾಳಿಗೆ,

ದೇವರ ಕೃಪೆಯಿಂದ ವಾಲ್‌ಸೆರಾದ ಧರ್ಮಾಧ್ಯಕ್ಷ ಗಾಂದೋಲ್ಫೊ ಆದ ನಾವು ಕುಶಲ.

ನಿನ್ನ ಮೂರು ಪತ್ರಗಳಿಗೂ ಉತ್ತರಿಸಲಾಗಲಿಲ್ಲ. ಹೊಸ ಗಂಟೆಗೋಪುರದ ಕೆಲಸ ನಡೆಯುತ್ತಿದೆ. ಕಲ್ಲುಕುಟಿಗರು ನಾವು ನಿಂತು ನೋಡದಿದ್ದರೆ ಕಲ್ಲಿಗೆ ಒರಗಿ ನಿದ್ದೆಮಾಡುತ್ತಾರೆ. ತೆಬಾಲ್ದೊ, ಗೋಪುರ ಇಷ್ಟು ಎತ್ತರ ಯಾಕೆ ಎಂದು ಸಭೆಯಲ್ಲೇ ಕೇಳಿದ. ಅವನಿಗೆ ಎತ್ತರದಲ್ಲಿರುವ ಯಾವುದನ್ನು ಕಂಡರೂ ಆಗುವುದಿಲ್ಲ.

ಈ ವರ್ಷವೂ ರೋಮಿಗೆ ಬರೆದಿದ್ದೇವೆ. ಪ್ರತಿ ಸಂತ ಮಾರ್ಟಿನರ ಹಬ್ಬಕ್ಕೆ ಒಂದು ಪತ್ರ, ತಪ್ಪಿಸಿಲ್ಲ. ಅದೇ ಒಕ್ಕಣೆ: ಪದವಿ ನಮಗೆ ಬೇಡ, ಬಿಡಿಸಿ, ಮೀನುಗಳ ಹತ್ತಿರ ಕಳಿಸಿ. ಅಲ್ಲಿಂದಲೂ ಅದೇ ಉತ್ತರ: ‘ನಿಮ್ಮ ವಿನಯ ಮೆಚ್ಚಿದೆವು. ಹೊರೆ ಹೊರಿ.’ ಈ ಪತ್ರವನ್ನು ಹಬ್ಬದ ದಿನ ದೇವಾಲಯದಲ್ಲಿ ಗಟ್ಟಿಯಾಗಿ ಓದಿ ಕಳಿಸುವ ಕ್ರಮ ಬೆಳೆದಿದೆ. ‘ಮೀನುಗಳ ಹತ್ತಿರ’ ಎಂಬಲ್ಲಿಗೆ ಬಂದಾಗ ಹೆಂಗಸರು ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲಿ ಸ್ವಲ್ಪ ನಿಲ್ಲಿಸಿ ಓದಬೇಕು ಎಂದು ಓತ್ತೊ ಹೇಳಿದ. ಈ ಸಲ ನಿಲ್ಲಿಸಿದೆವು. ಚೆನ್ನಾಗಿ ಬಂತು.

ಕೊಳದ ವಿಷಯ ಮರೆತಿಲ್ಲ. ಗೋಪುರ ಮುಗಿಯಲಿ. ಸದ್ಯಕ್ಕೆ ಒಣಗಿಸಿದ ಹಾವುಮೀನು ಎರಡು ಬುಟ್ಟಿ ಕಳಿಸಿದ್ದೇವೆ.

ನಮ್ಮ ಆಶೀರ್ವಾದಗಳೊಂದಿಗೆ,
ಗಾಂದೋಲ್ಫೊ, ಧರ್ಮಾಧ್ಯಕ್ಷ


ಸಂತ ಆಗಾತಾ ಮಠ
ಸಂತ ಅಂದ್ರೆಯನ ಹಬ್ಬ, ೧೧೫೦

ಮಹಾಪೂಜ್ಯ ಧರ್ಮಾಧ್ಯಕ್ಷರ ಪಾದಗಳಿಗೆ,

ತಾವು ಬಹುವಚನವಾದ ಸುದ್ದಿ ಓದಿ ಸಂತೋಷವಾಯಿತು. ಒಬ್ಬನೇ ತಮ್ಮನಿದ್ದ, ಈಗ ಹಲವರಾಗಿದ್ದೀರಿ. ಅವರಲ್ಲಿ ಯಾರಾದರೊಬ್ಬರು ಬಿಡುವಾಗಿದ್ದರೆ ಇತ್ತ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ತಮ್ಮ ಹಾವುಮೀನು ತಲುಪಿತು. ಹಲ್ಲಿರುವವರು ಈಗ ನಾಲ್ಕು ಜನ.

ತಮಗೆ ಬಿಡುವಾಗುವವರೆಗೆ ಕಾಯುವುದು ಉದ್ಧಟತನವೆಂದು, ನಾವೇ ಗುದ್ದಲಿ ಹಿಡಿದು ಕೊಳ ತೋಡಿದೆವು. ಎರಡು ಬೇಸಿಗೆ ಹಿಡಿಯಿತು. ನೀರು ಬಿಟ್ಟೆವು. ಸಂಜೆ ತುಂಬಿದ್ದು ಬೆಳಗಿನ ಪ್ರಾರ್ಥನೆಗೆ ಖಾಲಿ. ಮೂರು ಸಲ ತುಂಬಿಸಿದೆವು, ಮೂರು ಸಲವೂ ಹೀಗೇ. ಸಿಸ್ಟರ್ ಗೀಸ್ಲಾ, “ಕೊಳಕ್ಕೂ ನಿಮ್ಮ ತಮ್ಮಂದೇ ಶಾಸ್ತ್ರ ಇರ್ಬೇಕು ಮಾತೆ, ಇನ್ನೊಂದ್ಸಲ ಕೇಳೋಣ” ಅಂದಳು. ಅವಳಿಗೆ ಪ್ರಾಯಶ್ಚಿತ್ತ ವಿಧಿಸಿದ್ದೇನೆ. ಮೀನಿನ ಕಸುಬು ತಮಗಿನ್ನೂ ನೆನಪಿದ್ದರೆ ಒಂದು ಸಾಲಿನ ಸಲಹೆ ಬೇಕು.

ಇನ್ನೊಂದು ಕೇಳಲೇ, ಗಾಂದೋಲ್ಫೊ? ಈ ವರ್ಷದ ಬೇಡ ಯಾವ ಬೇಡ?

ಅಕ್ಕ ಇಮಿಲ್ದಾ


ವಾಲ್‌ಸೆರಾ
ಸಂತ ನಿಕೊಲಾಸರ ಹಬ್ಬದ ಮರುದಿನ, ೧೧೫೦

ಅಕ್ಕಾ,

ತಳಕ್ಕೆ ಜೇಡಿಮಣ್ಣು ಹಾಕಿ ತುಳಿಯಬೇಕು. ಒಂದು ಮೊಳ ದಪ್ಪ, ಪದರ ಪದರವಾಗಿ, ಬರಿಗಾಲಿನಲ್ಲಿ. ದನ ಬಿಟ್ಟು ತುಳಿಸಿದರೂ ಆದೀತು. ಆದರೆ ಮನುಷ್ಯರ ಹಿಮ್ಮಡಿಯಷ್ಟು ಗಟ್ಟಿ ಬರುವುದಿಲ್ಲ.

ಇನ್ನೊಂದು ಪ್ರಶ್ನೆಗೆ ಉತ್ತರ ಯೋಚಿಸಿ ಬರೆಯುತ್ತೇನೆ.

ಗಾಂದೋಲ್ಫೊ


ವಾಲ್‌ಸೆರಾ
ತಪಸ್ಸುಕಾಲದ ಮೊದಲ ವಾರ, ೧೧೫೬

ಅಕ್ಕಾ,

ಅನಾಹುತವಾಗಿದೆ. ನನ್ನ ರಾಜೀನಾಮೆ ಒಪ್ಪಿಬಿಟ್ಟಿದ್ದಾರೆ.

ರೋಮಿನಲ್ಲಿ ಪತ್ರಗಳ ಕೋಣೆಗೆ ಯಾವನೋ ಹೊಸಬ ಬಂದಿದ್ದಾನಂತೆ. ದೂರದ ಉತ್ತರದವನು, ಶ್ರದ್ಧೆಯ ಮನುಷ್ಯ. ಕಪಾಟು ಜೋಡಿಸುವಾಗ ನನ್ನ ಹನ್ನೆರಡು ವರ್ಷಗಳ ಹನ್ನೆರಡು ಪತ್ರಗಳು ಒಟ್ಟಿಗೆ ಸಿಕ್ಕಿವೆ. ಎಲ್ಲವನ್ನೂ ಒಂದೇ ಪಟ್ಟಿಗೆ ಕೂತು ಓದಿದ್ದಾನೆ. ಒಬ್ಬ ಮನುಷ್ಯ ಹನ್ನೆರಡು ವರ್ಷ ಒಂದೇ ಮಾತು ಹೇಳಿದರೆ ಅದು ನಿಜವೇ ಇರಬೇಕು ಅಂದುಕೊಂಡಿದ್ದಾನೆ, ಪಾಪಿ. ನಮ್ಮ ಗುರುಮಂಡಲಿಗೆ ಬಂದ ಓಲೆಯಲ್ಲಿ ಕಟುವಾಗಿ ಬರೆದಿದ್ದಾರೆ: ಒಬ್ಬ ಸಾಧುವಿನ ಮೊರೆಯನ್ನು ಇಷ್ಟು ಕಾಲ ಶಾಸ್ತ್ರವೆಂದು ತಳ್ಳಿಹಾಕಿದ್ದು ಕ್ರೌರ್ಯ, ಇನ್ನು ಮುಂದೆ ಯಾರಾದರೂ ಬೇಡ ಅಂದರೆ ಬೇಡವೆಂದೇ ತಿಳಿಯತಕ್ಕದ್ದು.

ನಾನು ಸಭೆಯಲ್ಲಿ ಎದ್ದು ನಿಂತು, ಹೋಗುವುದಿಲ್ಲ ಅಂದೆ. ಎಲ್ಲರೂ ತಲೆತಗ್ಗಿಸಿದರು. ಮಂದೆಯ ಮೇಲೆ ಕುರುಬನಿಗೆ ಎಂಥ ಮಮತೆ ಅಂದರು. ಹೋಗುವುದಿಲ್ಲ, ನಾನು ನಿಜವಾಗಿ ಹೇಳುತ್ತಿದ್ದೇನೆ ಅಂದೆ. ಇಬ್ಬರು ಅತ್ತರು. ಗೋಪುರಕ್ಕೆ ಇನ್ನೂ ಮಾಡು ಹಾಕಿಲ್ಲ ಅಂದೆ. ಓತ್ತೊ ಹತ್ತಿರ ಬಂದು, ಅಕ್ಕಾ, ಅದೇ ಕಿವಿಯಲ್ಲಿ ಪಿಸುಗುಟ್ಟಿದ: “ಮೂರಾಯ್ತು ಸ್ವಾಮಿ. ಇನ್ನು ಇಳೀಬಹುದು.”

ಕೇಳು, ಇನ್ನೂ ಇದೆ. ನನ್ನ ಜಾಗಕ್ಕೆ ಅವತ್ತೇ ಮಧ್ಯಾಹ್ನ ತೆಬಾಲ್ದೊನನ್ನು ಆರಿಸಿದರು. ಅಂದು ಅವನನ್ನು ವಿರೋಧಿಸಿದ ಏಳು ಜನರಲ್ಲಿ ಐವರು ಈಗ ಮಣ್ಣಾಗಿದ್ದಾರೆ. ತೆಬಾಲ್ದೊ ಮೊಣಕಾಲೂರಿ, ಎದೆಗೆ ಕೈಹಚ್ಚಿ, ಮೂವತ್ತು ವರ್ಷದಿಂದ ತಾಲೀಮು ಮಾಡಿಟ್ಟ ದನಿಯಲ್ಲಿ, “ಬೇಡ, ನಾನು ಯೋಗ್ಯನಲ್ಲ” ಅಂದ. ಎಷ್ಟು ಚೆನ್ನಾಗಿ ಅಂದ ಅಂದರೆ ನಾನೇ ನಂಬಿಬಿಟ್ಟೆ. ಮಂಡಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೋಮಿನ ಓಲೆ ಮೇಜಿನ ಮೇಲೇ ಇತ್ತು. “ಆಗಲಿ ತೆಬಾಲ್ದೊ, ನಿಮ್ಮ ಮನಸ್ಸಿಗೆ ನೋವು ಮಾಡಲ್ಲ” ಅಂದರು. ಅವನು ಮೊಣಕಾಲಿನಲ್ಲೇ ಉಳಿದ, ಎರಡನೆಯ ಸಲ ಕೇಳುತ್ತಾರೆಂದು. ಆಮೇಲೆ ಅವನನ್ನು ಇಬ್ಬರು ಎತ್ತಿ ನಿಲ್ಲಿಸಬೇಕಾಯಿತು.

ಮುಂದೆ ಓತ್ತೊನನ್ನು ಕೇಳಿದರು. ಕೇಳಿ ಮುಗಿಯುವ ಮೊದಲೇ ಅವನು “ಹೂಂ, ಆಗ್ಲಿ” ಅಂದ. ನಾಚಿಕೆಯಿಲ್ಲದೆ. ಗಂಟೆ ಬಾರಿಸಿದರು. ನನ್ನ ಗಂಟೆ.

ರಾತ್ರಿಯಷ್ಟೇ ಅಲ್ಲ, ಹಗಲಿಡೀ ಯೋಚಿಸುತ್ತಿದ್ದೇನೆ. ಬೇಡ ಅಂದಾಗ ನನಗೆ ಬೇಕಾಗಿತ್ತೇ? ಮೊದಲ ವರ್ಷ ಖಂಡಿತ ಬೇಡವಾಗಿತ್ತು. ಎಂಟನೆಯ ವರ್ಷ ಖಂಡಿತ ಬೇಕಾಗಿತ್ತು. ನಡುವೆ ಯಾವ ಹಬ್ಬದಲ್ಲಿ ಅದು ಮಗ್ಗುಲು ಬದಲಾಯಿಸಿತೋ ಹುಡುಕಿದರೆ ಸಿಗುತ್ತಿಲ್ಲ. ಒಕ್ಕಣೆ ಮಾತ್ರ ಒಂದಕ್ಷರ ಬದಲಾಗಿಲ್ಲ. ನೀನು ಕೇಳಿದ್ದಕ್ಕೆ ಆರು ವರ್ಷ ತಡವಾಗಿ ಉತ್ತರ: ಗೊತ್ತಿಲ್ಲ. ಈಗ ಇದಕ್ಕೆ ಯಾರೂ ಜ್ಞಾನ ಅನ್ನುತ್ತಿಲ್ಲ.

ಒಂದು ಉಪಕಾರ ಮಾಡು. ಹಿಂದೊಮ್ಮೆ ನನಗಾಗಿ ಸಾಕ್ಷಿ ಬರೆದೆಯಲ್ಲ, ಇನ್ನೊಮ್ಮೆ ಬರೆ, ರೋಮಿಗೆ. ನನ್ನ ತಮ್ಮನ ಬೇಡ ಬೇಡವಲ್ಲ ಎಂದು. ಈಸ್ಟರಿನೊಳಗೆ ಮುಟ್ಟಿದರೆ ತಡೆಯಬಹುದಂತೆ. ನಿನ್ನ ಮಾತಿನ ಮೇಲೇ ಎಲ್ಲ ನಿಂತಿದೆ.

ಏನು ರುಜು ಹಾಕಬೇಕೆಂದು ತಿಳಿಯದ,
ಗಾಂದೋಲ್ಫೊ


ಸಂತ ಆಗಾತಾ ಮಠ
ತಪಸ್ಸುಕಾಲದ ಮೂರನೆಯ ವಾರ, ೧೧೫೬

ತಮ್ಮಾ,

ಬರೆಯುವುದಿಲ್ಲ.

ಸಿಟ್ಟಾಗುವ ಮೊದಲು ಪೂರ್ತಿ ಓದು. ಹದಿಮೂರು ವರ್ಷದ ಹಿಂದೆ ಮಹಾಧರ್ಮಾಧ್ಯಕ್ಷರಿಗೆ ನಾನು ಬರೆದದ್ದನ್ನು ನಿನಗೆ ಹೇಳಿರಲಿಲ್ಲ. ನೀನು ಹೇಳಿದಂತೆಯೇ ಶುರುಮಾಡಿದ್ದೆ. ನನ್ನ ತಮ್ಮ ಬೇಡ ಅನ್ನುತ್ತಾನೆ, ಎಂದು ಬರೆದೆ. ಲೇಖನಿ ಕೆಳಗಿಡಬೇಕಿತ್ತು. ಆಗ ಹುಲ್ಲಿನ ಅಟ್ಟದ ಮೇಲೆ ಹೊಟ್ಟೆ ಹಿಡಿದುಕೊಂಡವನ ನೆನಪು ಬಂತು. ಮತ್ತೆ ಎತ್ತಿಕೊಂಡು ಇನ್ನೊಂದು ಸಾಲು ಸೇರಿಸಿದೆ: ‘ಆದರೆ ಅವನನ್ನು ಒಂದೇ ಸಲ ಕೇಳಿ ಬಿಡಬೇಡಿ.’

ಬಿಡಲಿಲ್ಲ ಅವರು.

ನಿನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಓತ್ತೊನ ಹಸಿವೂ ಅಲ್ಲ, ಪವಿತ್ರಾತ್ಮನೂ ಅಲ್ಲವೇನೋ. ಚಿಕ್ಕಮ್ಮನಂತಾಗಬಾರದೆಂದು ಹೊರಟ ನಾನು. ನಿನ್ನ ಮೊದಲ ಪತ್ರಗಳು ಬಂದಾಗೆಲ್ಲ, ತಪ್ಪು ಮಾಡಿದೆ ಎಂದು ಮೊಣಕಾಲೂರಿದೆ. ನಿನ್ನ ‘ನಾವು’ ಬಂದಾಗ, ಅಬ್ಬಾ, ಸರಿಯೇ ಮಾಡಿದೆ ಎಂದುಕೊಂಡೆ, ಆಮೇಲೆ ಅದಕ್ಕೂ ಮೊಣಕಾಲೂರಿದೆ. ನನಗೂ ಗೊತ್ತಿಲ್ಲ, ಗಾಂದೋಲ್ಫೊ. ನಿನ್ನ ಬೇಡ ಬಲ್ಲವಳು ನಾನೊಬ್ಬಳೇ ಎಂದು ಜಂಬವಿತ್ತು, ಅದು ಹೋಯಿತು. ಅದಕ್ಕೇ ಈ ಸಲ ಯಾರ ಪರವಾಗಿಯೂ ಒಂದು ಸಾಲೂ ಬರೆಯುವುದಿಲ್ಲ. ರೋಮಿಗೆ ಬರೆಯುವುದಿದ್ದರೆ ನೀನೇ ಬರೆ. ಬೇಕು ಅಂತ ಬರೆ. ಆ ಮಾತು ನಿನ್ನ ಕೈಯಲ್ಲಿ ಇದುವರೆಗೆ ಒಮ್ಮೆಯೂ ಬಂದಿಲ್ಲ, ಹೇಗೆ ಬರುತ್ತದೋ ನೋಡು.

ಅಥವಾ ಇತ್ತ ಬಾ. ಎರಡು ದಿನದ ದಾರಿ, ಹೇಸರಗತ್ತೆ ಇನ್ನೂ ನಿನ್ನದೇ ತಾನೆ? ನೀನು ಹೇಳಿದಂತೆ ಜೇಡಿಮಣ್ಣು ಹಾಕಿ ಹನ್ನೊಂದು ಜನ ಲಂಗ ಎತ್ತಿ ಕಟ್ಟಿ ತುಳಿದೆವು. ಸಿಸ್ಟರ್ ಗೀಸ್ಲಾ ಹಾಡು ಹೇಳಿದಳು, ಅದು ದೇವರ ಹಾಡಾಗಿರಲಿಲ್ಲ. ಇದು ಆರನೆಯ ವರ್ಷ, ನೀರು ನಿಂತೇ ಇದೆ. ಹಾವುಮೀನುಗಳು ತೋಳಿನಷ್ಟು ದಪ್ಪ. ಕೆಸರುಮೀನುಗಳಿಗೆ ಮಾತ್ರ ಏನೋ ಬಿಳಿ ಬೂಸು ಹತ್ತಿದೆ, ದಂಡೆಗೆ ಬಂದು ಬಾಯಿ ತೆರೆಯುತ್ತವೆ. ಯಾರಿಗೂ ಏನೆಂದು ತಿಳಿಯದು.

ಶನಿವಾರ ಗೀಸ್ಲಾ ಕಡುಬು ಮಾಡುತ್ತಾಳೆ, ಅಮ್ಮನ ರೀತಿಯಲ್ಲೇ, ಅಂಚು ಗಟ್ಟಿ. ಅವಳ ಅಡುಗೆಮನೆಯ ನಿಯಮ ಮೊದಲೇ ಹೇಳಿಬಿಡುತ್ತೇನೆ: ಒಂದೇ ಸಲ ಕೇಳುತ್ತಾಳೆ. ಬೇಡ ಅಂದರೆ ಮುಂದಿನವರಿಗೆ. ಧರ್ಮಾಧ್ಯಕ್ಷರಿಗೂ ಅಷ್ಟೇ, ಮಾಜಿಗಳಿಗೂ ಅಷ್ಟೇ.

ಅಕ್ಕ


ಸಂತ ಆಗಾತಾ ಮಠದ ಅತಿಥಿಗೃಹದಿಂದ, ಅಡುಗೆಮನೆಯ ಕಿಂಡಿಯ ಮೂಲಕ
ಶನಿವಾರ

ಅಕ್ಕಾ,

ಬೆಳಿಗ್ಗೆಯೇ ಬಂದೆ. ನೀನು ಪ್ರಾರ್ಥನೆಯಲ್ಲಿದ್ದೆ, ನೇರ ಕೊಳಕ್ಕೆ ಹೋದೆ. ಬೂಸಿಗೆ ಉಪ್ಪುನೀರಿನ ಸ್ನಾನ ಮಾಡಿಸಬೇಕು, ಒಂದೊಂದನ್ನೇ ಹಿಡಿದು. ನಾಳೆ ಶುರುಮಾಡುತ್ತೇನೆ. ತಲೆಯ ಮೇಲೆ ಏನೂ ಇರಲಿಲ್ಲ, ಮೀನು ಹೆದರಲಿಲ್ಲ.

ರೋಮಿಗೆ ಬರೆದ ಪತ್ರ ಜೋಳಿಗೆಯಲ್ಲಿದೆ. ಬೇಕು ಎಂದೇ ಬರೆದಿದ್ದೇನೆ. ಕಳಿಸಲೋ ಬೇಡವೋ ತಿಳಿಯುತ್ತಿಲ್ಲ. ನಿನ್ನನ್ನು ಕೇಳುವುದಿಲ್ಲ.

ಸಿಸ್ಟರ್ ಗೀಸ್ಲಾ ಈಗಷ್ಟೇ ಕಿಂಡಿಯಲ್ಲಿ ಮುಖವಿಟ್ಟು, “ಕಡುಬು ಬೇಕಾ ಸ್ವಾಮಿ?” ಅಂದಳು. ಬಾಯಿಗೆ ಏನೋ ಬಂತು. ನುಂಗಿಕೊಂಡೆ. ಅವಳು ಕಾಯುತ್ತಾ ನಿಂತಿದ್ದಾಳೆ, ಅದಕ್ಕೇ ಅವಸರದಲ್ಲಿ ಅವಳಿಗೆ ಉತ್ತರ ಬರವಣಿಗೆಯಲ್ಲೇ ಕೊಡುತ್ತಿದ್ದೇನೆ, ಆಮೇಲೆ ಯಾರೂ ಬೇರೆ ಅರ್ಥ ಮಾಡಬಾರದೆಂದು:

ಹೂಂ.

ಗಾಂದೋಲ್ಫೊ